ರಣಜಿಯಲ್ಲಿ ರನ್ ರಾಶಿ, ಟೆಸ್ಟ್‌ನಲ್ಲಿ ಯಾಕೆ ಬರ?

ಕೆಂಚಾರ್ಲಹಳ್ಳಿ ಕಡೆಯ ಟೆನಿಸ್ ಬಾಲ್ ಪಂದ್ಯ ನೋಡಿದವರಿಗೆ ಈ ವಿಷಯ ಅರ್ಧ ಗೊತ್ತೇ ಇರುತ್ತೆ. ಊರಲ್ಲಿ ಚೆಂಡನ್ನು ಹೊಲದಾಚೆ ಎತ್ತಿ ಹೊಡೆಯೋ ಹುಡುಗ ಬೆಂಗಳೂರಿಗೆ ಹೋಗಿ ಲೆದರ್ ಬಾಲ್ ಎದುರು ನಿಂತರೆ ತಿಂಗಳುಗಟ್ಟಲೆ ತಡಕಾಡುತ್ತಾನೆ. ತೋಳಿನ ಶಕ್ತಿ ಎಲ್ಲೂ ಹೋಗಿರಲ್ಲ. ಆದರೆ ಈ ಚೆಂಡಿಗೆ ಹೊಲಿಗೆ ಇದೆ, ಗಾಳಿಯಲ್ಲಿ ತಿರುಗುತ್ತೆ, ಅಡ್ಡ ಬ್ಯಾಟಿನ ಹೊಡೆತ ಸೀದಾ ಸ್ಲಿಪ್ ಕೈಗೆ ಹೋಗುತ್ತೆ. ರಣಜಿಯಿಂದ ಟೆಸ್ಟ್‌ಗೆ ಏರುವವರ ಪಾಡೂ ಹೆಚ್ಚೂಕಡಿಮೆ ಇದೇ.

ಕರುಣ್ ನಾಯರ್ ಲೆಕ್ಕ ನೋಡಿ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಸೆಹ್ವಾಗ್ ಬಿಟ್ಟರೆ ಭಾರತದ ಪರ ತ್ರಿಶತಕ ಹೊಡೆದ ಇನ್ನೊಬ್ಬ ಇವರೇ. ಮುಂದಿನ ಟೆಸ್ಟ್‌ನಲ್ಲೇ ಬೆಂಚು! ನಂತರ ಆಸ್ಟ್ರೇಲಿಯಾ ವಿರುದ್ಧ 26, 0, 23, 5. ಅಲ್ಲಿಗೆ ಎಂಟು ವರ್ಷ ವನವಾಸ. ವಿದರ್ಭಕ್ಕೆ ಹೋಗಿ 2024-25ರ ರಣಜಿಯಲ್ಲಿ 863, ವಿಜಯ್ ಹಜಾರೆಯಲ್ಲಿ 389.5ರ ಸರಾಸರಿಯಲ್ಲಿ 779 ರನ್ ಬಾರಿಸಿದರು. 2025ರಲ್ಲಿ ಇಂಗ್ಲೆಂಡ್‌ಗೆ ಕರೆ ಬಂತು. ಎಂಟು ಇನಿಂಗ್ಸ್‌ನಲ್ಲಿ 205 ರನ್, ಒಂದೇ ಅರ್ಧಶತಕ. ಮುಂದಿನ ಸರಣಿಗೆ ಹೆಸರಿಲ್ಲ.

ಆದರೆ ಆ 205ರೊಳಗೆ ಇಣುಕಿ: 31, 26, 40. ಇವು ಚೆಂಡೇ ಕಾಣದವನ ಅಂಕಿಗಳಲ್ಲ. ಹೊಂದಿಕೊಂಡು, ಇನ್ನೇನು ದೊಡ್ಡದು ಬರುತ್ತೆ ಅನ್ನುವಾಗ ಔಟಾದವನ ಅಂಕಿಗಳು. ಯಾಕೆ ಹಾಗಾಗುತ್ತೆ?

ಇಲ್ಲಿ ನನ್ನ ಎಂಜಿನಿಯರಿಂಗ್ ಬುದ್ಧಿ ಸುಮ್ಮನಿರಲ್ಲ. ಒಂದು ಪಾಪಿಂಗ್ ಕ್ರೀಸ್‌ನಿಂದ ಇನ್ನೊಂದಕ್ಕೆ 17.68 ಮೀಟರ್. ಗಂಟೆಗೆ 125 ಕಿ.ಮೀ. ವೇಗದ ಚೆಂಡು ಅದನ್ನು ಸುಮಾರು 0.51 ಸೆಕೆಂಡಿನಲ್ಲಿ ದಾಟುತ್ತೆ, 140ರ ಚೆಂಡು 0.45ರಲ್ಲಿ. ಗಾಳಿ, ಪುಟಿತ ಎಲ್ಲ ಬಿಟ್ಟು ಹೇಳ್ತಿದ್ದೀನಿ. ವ್ಯತ್ಯಾಸ ಕಣ್ಣು ಮಿಟುಕಿಸುವಷ್ಟೂ ಇಲ್ಲ. ಆದರೆ ಅಷ್ಟರಲ್ಲಿ ಚೆಂಡು ಎರಡು ಮೀಟರ್ ಮುಂದೆ ಬಂದಿರುತ್ತೆ. ದೇಸಿ ಪಿಚ್‌ನಲ್ಲಿ ವರ್ಷಗಟ್ಟಲೆ ಕಾಲು, ಕೈ ಕಲಿತ ಲಯ ಆ ಎರಡು ಮೀಟರ್‌ನಲ್ಲಿ ತಪ್ಪುತ್ತೆ.

ಬರೀ ವೇಗವೂ ಅಲ್ಲ. ರಣಜಿ ತಂಡದಲ್ಲಿ ಒಬ್ಬ ಇಲ್ಲ ಇಬ್ಬರು ಒಳ್ಳೆ ಬೌಲರ್ ಇರ್ತಾರೆ. ಅವರ ಓವರ್ ಕಳೆದರೆ ಉಸಿರಾಡಬಹುದು. ಟೆಸ್ಟ್‌ನಲ್ಲಿ ಆ ಬಿಡುವೇ ಇಲ್ಲ. ಮೇಲಾಗಿ ಇಲ್ಲಿ ಎಸ್‌ಜಿ ಚೆಂಡು, ಇಂಗ್ಲೆಂಡಿನಲ್ಲಿ ಡ್ಯೂಕ್ಸ್, ಆಸ್ಟ್ರೇಲಿಯಾದಲ್ಲಿ ಕೂಕಬುರಾ. ಒಂದೊಂದರ ಗುಣ ಒಂದೊಂದು. ಎದುರಾಳಿಯ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಪ್ರತಿ ಔಟಿನ ವಿಡಿಯೋ ಬೇರೆ.

ಬೌಲರ್‌ಗಳಿಗೂ ಇದೇ ಏಟು. ದಾವಣಗೆರೆಯ ವಿನಯ್ ಕುಮಾರ್ ಕರ್ನಾಟಕಕ್ಕೆ 2013-14, 2014-15 ಸತತ ಎರಡು ರಣಜಿ ಗೆದ್ದುಕೊಟ್ಟ ನಾಯಕ, ಪ್ರಥಮ ದರ್ಜೆಯಲ್ಲಿ 500ಕ್ಕೂ ಹೆಚ್ಚು ವಿಕೆಟ್. ಟೆಸ್ಟ್ ಆಡಿದ್ದು ಒಂದೇ, 2012ರಲ್ಲಿ ಪರ್ತ್‌ನಲ್ಲಿ. 73 ರನ್ ಕೊಟ್ಟು 1 ವಿಕೆಟ್. ಅಂದು ಡೇವಿಡ್ ವಾರ್ನರ್ 180 ಬಾರಿಸಿದರು. ಸ್ವಿಂಗ್, ನಿಖರತೆ ನಂಬಿದ ಮಧ್ಯಮ ವೇಗಿಯನ್ನು ಪುಟಿಯೋ ಪಿಚ್‌ಗೆ ಇಳಿಸಿದ್ದು ಯಾರ ತಪ್ಪು? ನನ್ನ ಪ್ರಕಾರ ವಿನಯ್‌ದಂತೂ ಅಲ್ಲ.

ಅಮೆರಿಕದ ಫುಟ್‌ಬಾಲ್‌ನಲ್ಲೂ ಇದು ಹಳೇ ಚರ್ಚೆ. ತಂಡದ ದಾಳಿ ನಡೆಸೋ ಕ್ವಾರ್ಟರ್‌ಬ್ಯಾಕ್ ಕಾಲೇಜಿನಲ್ಲಿ ಹೀರೋ, ವೃತ್ತಿಪರ ಲೀಗ್‌ನಲ್ಲಿ ಜೀರೋ. ಜಾಮಾರ್ಕಸ್ ರಸೆಲ್ 2007ರಲ್ಲಿ ಮೊಟ್ಟಮೊದಲ ಆಯ್ಕೆ, ಮೂರೇ ಸೀಸನ್‌ಗೆ ಆಟ ಮುಗೀತು. 2000ದಲ್ಲಿ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರೇಡಿ ಏಳು ಸೂಪರ್ ಬೌಲ್ ಗೆದ್ದರು. ಕಾಲೇಜಿನಲ್ಲಿ ಪಾಸ್ ಹಿಡಿಯುವವನು ಎಷ್ಟೋ ಸಲ ಖಾಲಿ ಜಾಗದಲ್ಲಿ ಸಿಗ್ತಾನೆ. ಮೇಲಿನ ಹಂತದಲ್ಲಿ ಅವನು ಅಲ್ಲಿಗೆ ತಲುಪುವ ಮೊದಲೇ ಎಸೆಯಬೇಕು. ಕಾಲೇಜಿನ ಅಂಕಿಅಂಶದಲ್ಲಿ ಆ ಅಂದಾಜು ಕಾಣಲ್ಲ. ನಮ್ಮ ಕ್ಯಾಂಪಸ್ ಟಾಪರ್‌ಗಳು ಮೊದಲ ಕೆಲಸದಲ್ಲಿ ಪರದಾಡೋದನ್ನು ನೋಡಿದ ನನಗೆ ಇದರಲ್ಲಿ ಆಶ್ಚರ್ಯ ಇಲ್ಲ (ನಾನು ಟಾಪರ್ ಅಲ್ಲ, ಆದರೂ ಪರದಾಡಿದೆ).

ಹಾಗಂತ ರಣಜಿ ರನ್‌ಗೆ ಬೆಲೆಯೇ ಇಲ್ಲ ಅನ್ನೋದೂ ತಪ್ಪು. ವಿಜಯ್ ಭಾರದ್ವಾಜ್ 1998-99ರ ರಣಜಿಯಲ್ಲಿ 1280 ರನ್ ಗಳಿಸಿದರು, 1999ರ ನೈರೋಬಿ ಟೂರ್ನಿಯಲ್ಲಿ ಸರಣಿಶ್ರೇಷ್ಠರಾದರು. ಆದರೂ ಸಿಕ್ಕಿದ್ದು ಮೂರು ಟೆಸ್ಟ್, ಹತ್ತು ಏಕದಿನ. ಅಷ್ಟರಲ್ಲಿ ಸೋತರು ಅಂತ ತೀರ್ಪು ಕೊಡೋಕೆ ಆಗಲ್ಲ. ಮೂರು ಸಲ ನಾಣ್ಯ ಚಿಮ್ಮಿ ಅದು ಖೋಟಾ ಅಂದ ಹಾಗೆ. ಕೆ.ಎಲ್. ರಾಹುಲ್ ಮೊದಲ ಟೆಸ್ಟ್‌ನಲ್ಲಿ ಗಳಿಸಿದ್ದು 3 ಮತ್ತು 1. ಮುಂದಿನ ಸಿಡ್ನಿ ಟೆಸ್ಟ್‌ನಲ್ಲೂ ಉಳಿಸಿಕೊಂಡದ್ದಕ್ಕೆ 110 ಬಂತು.

ನಡುವೆ ಒಂದು ಮೆಟ್ಟಿಲು ಬೇಕು, ಅದೇ ಭಾರತ ‘ಎ’ ಪ್ರವಾಸ. ರಾಹುಲ್ ದ್ರಾವಿಡ್ ಐದು ವರ್ಷ ರಣಜಿ ಆಡಿದ ಮೇಲೆ, 1996ರಲ್ಲಿ ಲಾರ್ಡ್ಸ್‌ನಲ್ಲಿ 95 ಹೊಡೆದರು. ಮುಂದೆ ಅವರೇ ‘ಎ’ ತಂಡದ ಕೋಚ್. 2017-18ರಲ್ಲಿ ದೇಸಿ ಕ್ರಿಕೆಟ್‌ನಲ್ಲಿ 2000 ರನ್ ದಾಟಿದ ಮಯಾಂಕ್ ಅಗರವಾಲ್ ಆ ತಂಡದಲ್ಲಿ ಹದವಾಗಿ ಹೋಗಿದ್ದರಿಂದಲೇ ಮೆಲ್ಬರ್ನ್‌ನಲ್ಲಿ ಮೊದಲ ದಿನವೇ 76 ಬಂತು ಅಂತ ನನ್ನ ನಂಬಿಕೆ. ತವರಿನಲ್ಲಿ ಎರಡು ದ್ವಿಶತಕ ಹೊಡೆದ ಅವರೂ 2022ರ ಮಾರ್ಚ್ ನಂತರ ಟೆಸ್ಟ್ ಆಡಿಲ್ಲ, ಅದು ಬೇರೆ ಮಾತು.

ಕರುಣ್ 2025-26ಕ್ಕೆ ಕರ್ನಾಟಕಕ್ಕೇ ವಾಪಸ್ ಬಂದರು. ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಔಟಾಗದೆ 174.