ಅಂಚೆಯವನ ಮೌನ: ಯಳಂದೂರಿನ ವಿಶಾಲಾಕ್ಷ ಪಂಡಿತನ ಕೊಲೆಯೂ ಅಂಚೆ ಶಾಮಯ್ಯನ ಮೇಲಣ ಆರೋಪವೂ

ಯುದ್ಧಕಾಲದಲ್ಲಿ ನಡೆದ ಕೊಲೆಯನ್ನು ಬರಿಯ ಕೊಲೆಯೆಂದು ಎಣಿಸುವವರು ವಿರಳ. ಅದರ ಹಿಂದೆ ಶತ್ರುವಿನ ಕೈವಾಡವಿದ್ದಿತೆ, ಅರಮನೆಯೊಳಗಿನವರೇ ಹೊರಗಿನವರಿಗೆ ಗುಟ್ಟು ಮುಟ್ಟಿಸುತ್ತಿದ್ದರೆ ಎಂಬ ಸಂಶಯಗಳು ಕೂಡಲೇ ತಲೆದೋರುತ್ತವೆ. ಇಂತಹ ಸಂಗತಿಗಳನ್ನು ಶೋಧಿಸಿ ದೊರೆಗೆ ಅರಿಕೆಮಾಡುವ ಕಾರ್ಯವು ಹಿಂದಿನ ಮೈಸೂರು ರಾಜ್ಯದಲ್ಲಿ ಅಂಚೆಯ ಇಲಾಖೆಗೆ ಸೇರಿದ್ದಿತು. ಆ ಇಲಾಖೆಯ ಕಣ್ಣೆದುರಿಗೇ ನಡೆದ ಎರಡು ಪ್ರಕರಣಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಮೊದಲನೆಯದು ೧೬೮೬ರ ಸುಮಾರಿನಲ್ಲಿ ನಡೆದ ಮಂತ್ರಿ ವಿಶಾಲಾಕ್ಷ ಪಂಡಿತನ ಕೊಲೆ. ಎರಡನೆಯದು ೧೭೮೩ರ ಶ್ರೀರಂಗಪಟ್ಟಣದ ಒಳಸಂಚು. ಇವುಗಳ ನಡುವೆ ಸುಮಾರು ನೂರು ವರ್ಷಗಳ ಅಂತರವಿದ್ದರೂ ಎರಡರಲ್ಲಿಯೂ ನಮ್ಮನ್ನು ಕಾಡುವ ಪ್ರಶ್ನೆ ಒಂದೇ: ಸುದ್ದಿ ಹೇಳಬೇಕಾದವನು ಸುಮ್ಮನಿದ್ದರೆ ಆ ಮೌನಕ್ಕೆ ಯಾವ ಅರ್ಥವನ್ನು ಕೊಡಬೇಕು?

ಮೊದಲು ಪ್ರದೇಶದ ಪರಿಚಯವನ್ನು ಮಾಡಿಕೊಳ್ಳುವುದು ಅವಶ್ಯಕ. ಇಂದು ಚಾಮರಾಜನಗರ ಜಿಲ್ಲೆಗೆ ಸೇರಿರುವ ಕೊಳ್ಳೇಗಾಲ, ಹನೂರು, ಯಳಂದೂರುಗಳು ಮೈಸೂರಿನ ಬಯಲಿಗೂ ಕೊಯಮತ್ತೂರಿನ ತಗ್ಗು ನಾಡಿಗೂ ನಡುವೆ ಇರುವ ಬಾಗಿಲುಗಳು. ಕೊಯಮತ್ತೂರಿನ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಏರಿ ಬರುವವರಿಗೆ ಮುಖ್ಯವಾಗಿ ಎರಡು ಕಣಿವೆಗಳಿದ್ದವು. ಒಂದು ಪಡುವಣ ಗಜಲಹಟ್ಟಿಯದು. ಮತ್ತೊಂದು ಕಾವೇರಿಪುರದಿಂದ ಕೌದಳ್ಳಿ, ಹನೂರುಗಳ ಮೇಲೆ ಕೊಳ್ಳೇಗಾಲಕ್ಕೆ ಬರುವುದು. ವರ್ತಕರ ಎತ್ತುಗಳೂ ದಂಡೂ ಬೇಹಿನವರೂ ತುಳಿದ ದಾರಿ ಇದೇ. ಯಳಂದೂರಾದರೋ ಸಣ್ಣ ಊರಾದರೂ ಹದಿನೇಳನೆಯ ಶತಮಾನದಲ್ಲಿ ಅಸಾಧಾರಣವಾದ ಕೀರ್ತಿಯನ್ನು ಪಡೆದಿದ್ದಿತು. ವೀರಶೈವ ಕವಿ ಷಡಕ್ಷರದೇವನು ನೆಲಸಿದ್ದುದು ಅಲ್ಲಿ, ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದ ಸಂಚಿಯ ಹೊನ್ನಮ್ಮನು ಆ ಊರಿನವಳು, ಅದೇ ಒಡೆಯರ ಮಂತ್ರಿಯಾದ ಜೈನ ವಿಶಾಲಾಕ್ಷ ಪಂಡಿತನೂ ಆ ಊರಿನವನೇ.

ಚಿಕ್ಕದೇವರಾಜರು ೧೬೭೩ರಿಂದ ೧೭೦೪ರವರೆಗೆ ಆಳಿದರು. ಅವರು ಪಟ್ಟಕ್ಕೆ ಬರುವ ಮುನ್ನವೇ ಪಂಡಿತನೊಡನೆ ಸ್ನೇಹ ಬೆಳೆದಿದ್ದಿತು. ಪಟ್ಟಕ್ಕೆ ಬಂದೊಡನೆ ಅವನನ್ನು ಮಂತ್ರಿಯನ್ನಾಗಿ ಮಾಡಿಕೊಂಡರು. ರಾಜ್ಯದಲ್ಲಿ ಕ್ರಮವಾದ ಅಂಚೆಯ ವ್ಯವಸ್ಥೆಯನ್ನು ಏರ್ಪಡಿಸಿದ ಕೀರ್ತಿಯೂ ಈ ಒಡೆಯರದೇ. ಆದರೆ ಅಂಚೆಯೆಂದರೆ ಓಲೆಗಳನ್ನು ಸಾಗಿಸುವ ಏರ್ಪಾಡು ಮಾತ್ರವಲ್ಲ. ಊರೂರಿನ ಅಂಚೆಯ ಅಧಿಕಾರಿಯು ಆಸ್ಥಾನದ ನಂಬಿಕೆಯ ಮನುಷ್ಯನಾಗಿದ್ದು, ತನ್ನ ಸೀಮೆಯಲ್ಲಿ ಗುಟ್ಟಾಗಿ ನಡೆಯುವುದನ್ನೆಲ್ಲ ಬರೆದು ಕಳುಹಿಸಬೇಕಾಗಿದ್ದಿತೆಂದು ಕರ್ನಲ್ ವಿಲ್ಕ್ಸ್ ತಿಳಿಸುತ್ತಾನೆ. ಎಂದರೆ ಓಲೆಯನ್ನು ಹೊರುವ ಕೈಯೂ ಗುಟ್ಟನ್ನು ಹುಡುಕುವ ಕಣ್ಣೂ ಒಂದೇ ಆಗಿದ್ದವು. ಇದನ್ನು ನಾವು ಮುಂದೆ ಮರೆಯಲಾಗದು.

ಆ ಕಾಲವು ಯುದ್ಧದ ಕಾಲ. ಮರಾಠರೊಡನೆ ಹೋರಾಟ ನಡೆದಿದ್ದಿತು, ದಂಡಿನ ವೆಚ್ಚಕ್ಕೆ ಹಣ ಬೇಕಾಗಿದ್ದಿತು, ಕಂದಾಯ ಏರಿತು. ರೈತರು ನೇಗಿಲುಗಳನ್ನು ತಲೆಕೆಳಗಾಗಿ ಊರ ಬಾಗಿಲ ಮರಗಳಿಗೆ ತೂಗುಹಾಕಿ ಉಳುಮೆಯನ್ನೇ ನಿಲ್ಲಿಸಿದರೆಂದು ವಿಲ್ಕ್ಸ್ ಬರೆದಿದ್ದಾನೆ. ಜಂಗಮರು ಈ ದಂಗೆಯ ಪ್ರೇರಕರೆಂದು ಬಗೆದು, ಅವರಲ್ಲಿ ಸುಮಾರು ನಾನೂರು ಮಂದಿಯನ್ನು ನಂಜನಗೂಡಿಗೆ ಕರೆಯಿಸಿ ಕೊಲ್ಲಿಸಲಾಯಿತೆಂಬ ಘೋರ ಕಥನವೂ ಅವನಲ್ಲಿಯೇ ಇದೆ. ಈ ಕ್ರೌರ್ಯದ ಸಲಹೆ ಜೈನ ಮಂತ್ರಿಯದೆಂದು ಜನ ನಂಬಿದರು. ಕೆಲಕಾಲದ ಮೇಲೆ, ಒಂದು ರಾತ್ರಿ ಪಂಡಿತನು ಅರಮನೆಯಿಂದ ಮನೆಗೆ ಹಿಂದಿರುಗುತ್ತಿದ್ದಾಗ ಹೊಂಚುಹಾಕಿದ್ದವರು ಅವನನ್ನು ಹೊಡೆದರು. ಒಡೆಯರು ಅವನ ಮರಣಶಯ್ಯೆಯ ಬಳಿಗೆ ಬಂದು, ನಿನ್ನ ಸ್ಥಾನಕ್ಕೆ ಯಾರನ್ನು ನೇಮಿಸಲೆಂದು ಕೇಳಲು, ತನ್ನ ಪ್ರತಿಪಕ್ಷಿಯೇ ಆಗಿದ್ದ ತಿರುಮಲಾರ್ಯನ ಹೆಸರನ್ನು ಪಂಡಿತನು ಸೂಚಿಸಿದನಂತೆ.

ಈ ವೃತ್ತಾಂತವನ್ನು ತನಿಖೆಯ ದೃಷ್ಟಿಯಿಂದ ಓದಿದರೆ ಹಲವು ಅಂಶಗಳು ಗೋಚರಿಸುತ್ತವೆ. ಕಥನವು ಕೊಲೆಗಾರನ ಬೆನ್ನು ಹತ್ತುವುದಿಲ್ಲ. ನೇರವಾಗಿ ಉತ್ತರಾಧಿಕಾರಿಯ ಬಳಿಗೆ ಸಾಗುತ್ತದೆ. ಕೊಲೆಯಿಂದ ಲಾಭ ಪಡೆದವರಾರು ಎಂಬುದು ಯಾವ ಪತ್ತೇದಾರನಾದರೂ ಕೇಳುವ ಮೊದಲನೆಯ ಪ್ರಶ್ನೆ. ಆ ಪ್ರಶ್ನೆ ಏಳುವ ಮುನ್ನವೇ ಸತ್ತವನ ಬಾಯಿಂದಲೇ ಉತ್ತರವನ್ನು ಹೇಳಿಸಲಾಗಿದೆ. ತಿರುಮಲಾರ್ಯನು ತಪ್ಪಿತಸ್ಥನೆಂಬುದು ನಮ್ಮ ಅಭಿಪ್ರಾಯವಲ್ಲ. ‘ಚಿಕ್ಕದೇವರಾಜ ವಿಜಯ’ದ ಕರ್ತೃವಾದ ಆ ವಿದ್ವಾಂಸನ ಮೇಲೆ ಅಂತಹ ಆರೋಪ ಹೊರಿಸಲು ಆಧಾರವಿಲ್ಲ. ಆದರೆ ವಿಲ್ಕ್ಸನ ಮೊದಲ ಸಂಪುಟ ಪ್ರಕಟವಾದುದು ೧೮೧೦ರಲ್ಲಿ. ಕೊಲೆಯಾಗಿ ನೂರಿಪ್ಪತ್ತು ವರ್ಷಗಳು ಸಂದ ಮೇಲೆ. ಜೈನರ ಪಕ್ಷದ ನೆನಪುಗಳನ್ನು ಕೂಡಿಸಿದ ಕನಕಗಿರಿಯ ದೇವಚಂದ್ರನ ‘ರಾಜಾವಳಿ ಕಥೆ’ ಇನ್ನೂ ಈಚಿನದು. ಒಂದೊಂದು ಪಕ್ಷವೂ ತನ್ನವರನ್ನು ನಿರ್ದೋಷಿಗಳನ್ನಾಗಿಯೇ ನೆನೆಯುತ್ತದೆ. ಜಂಗಮರ ಕೈವಾಡವೆಂಬ ನಂಬಿಕೆಗೆ ಇದ್ದ ಬಲವಾದರೂ ಏನು? ಅವರಿಗೆ ದ್ವೇಷಕ್ಕೆ ಕಾರಣವಿದ್ದಿತು ಎಂಬುದಷ್ಟೆ. ಕಾರಣವಿದ್ದ ಮಾತ್ರಕ್ಕೆ ಕೃತ್ಯವು ಸಿದ್ಧವಾಗಲಾರದು. ಊರೂರಿನಲ್ಲಿ ಕಣ್ಣಿಟ್ಟಿದ್ದ ಅಂಚೆಯು ಅರಮನೆಯ ಬಾಗಿಲಲ್ಲೇ ಹೊಂಚುಹಾಕಿದ್ದವರನ್ನು ಕಾಣದೆ ಹೋದುದು ಮಾತ್ರ ನಿಶ್ಚಯ.

ಇನ್ನು ಎರಡನೆಯ ಪ್ರಕರಣ. ಹೈದರನ ಕಾಲದಲ್ಲಿ ಅಂಚೆಯು ಭಯದ ಸಾಧನವಾಗಿ ಬೆಳೆಯಿತು. ಅದರ ಮುಖ್ಯಸ್ಥನಾದ ಶಾಮಯ್ಯನಿಗೆ ‘ಅಂಚೆ ಶಾಮಯ್ಯ’ ಎಂಬ ಹೆಸರೇ ನಿಂತಿತು. ಗುಪ್ತ ವರದಿಗಳ ಆಧಾರದಿಂದ ಜನರನ್ನು ಹಿಡಿಸಿ ಹಣವನ್ನು ಸುಲಿದ ಕ್ರೂರಿಯೆಂದು ಅವನನ್ನು ವಿಲ್ಕ್ಸ್ ಚಿತ್ರಿಸಿದ್ದಾನೆ. ಎರಡನೆಯ ಮೈಸೂರು ಯುದ್ಧ ನಡೆಯುತ್ತಿದ್ದಾಗ, ೧೭೮೨ರ ಡಿಸೆಂಬರಿನಲ್ಲಿ, ಹೈದರನು ತೀರಿಕೊಂಡನು. ಅದಕ್ಕೆ ಸ್ವಲ್ಪ ಮುಂಚೆ, ಅದೇ ವರ್ಷದ ಅಕ್ಟೋಬರಿನಲ್ಲಿ, ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ಪ್ರಧಾನ ತಿರುಮಲರಾಯನು ತಂಜಾವೂರಿನಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡಿದ್ದನು. ಈ ತಿರುಮಲರಾಯನು ಚಿಕ್ಕದೇವರಾಜರ ಮಂತ್ರಿ ತಿರುಮಲಾರ್ಯನ ವಂಶಸ್ಥನೆಂದು ಹೇಳಿಕೊಂಡವನು. ಹೀಗೆ ಮೊದಲನೆಯ ಪ್ರಕರಣದ ಹೆಸರೊಂದು ಎರಡನೆಯದರಲ್ಲಿಯೂ ಎದುರಾಗುತ್ತದೆ.

೧೭೮೩ರ ಬೇಸಗೆಯಲ್ಲಿ ಟಿಪ್ಪು ಸುಲ್ತಾನನು ಮಂಗಳೂರನ್ನು ಮುತ್ತಿದ್ದನು. ಇಂಗ್ಲಿಷರ ದಂಡು ಕರೂರು, ಧಾರಾಪುರಗಳನ್ನು ಹಿಡಿದು ಕೊಯಮತ್ತೂರು ನಾಡಿಗೆ ಕಾಲಿಟ್ಟಿದ್ದಿತು. ಆ ದಂಡು ಘಟ್ಟವನ್ನೇರಿದರೆ ಅದರ ಎಡಬಲಗಳಲ್ಲಿ ನಮ್ಮ ಯಳಂದೂರು, ಕೊಳ್ಳೇಗಾಲಗಳ ಸೀಮೆಯೇ ಇರುತ್ತಿದ್ದಿತು. ಇಂತಹ ಸಮಯದಲ್ಲಿ ಶ್ರೀರಂಗಪಟ್ಟಣದ ಕೋಟೆಯನ್ನು ವಶಪಡಿಸಿಕೊಂಡು ಒಡೆಯರ ಮನೆತನವನ್ನು ಮತ್ತೆ ಸ್ಥಾಪಿಸುವ ಸಂಚೊಂದು ಹುಟ್ಟಿತು. ಜುಲೈ ತಿಂಗಳಲ್ಲಿ, ಕಾರ್ಯ ನಡೆಯಬೇಕಾಗಿದ್ದ ದಿನದ ಹಿಂದಣ ರಾತ್ರಿ ಅದು ಬಯಲಾಯಿತು. ಸಂಚಿನ ಮುಖ್ಯರು ಸತ್ತರು. ಮಂಗಳೂರಿನಲ್ಲಿ ಟಿಪ್ಪುವಿನ ಶಿಬಿರದಲ್ಲಿಯೇ ಇದ್ದ ಶಾಮಯ್ಯನ ಮೇಲೂ ಅವನ ತಮ್ಮ ರಂಗಯ್ಯನ ಮೇಲೂ ಆರೋಪ ಬಂದಿತು. ಶಾಮಯ್ಯನಿಗೆ ಸಂಕೋಲೆ ತೊಡಿಸಿ ಶ್ರೀರಂಗಪಟ್ಟಣಕ್ಕೆ ಕಳುಹಿಸಲಾಯಿತು. ಇತರರನ್ನು ಸೆರೆಯಲ್ಲಿಡಿಸುತ್ತಿದ್ದವನು ತಾನೇ ಸೆರೆಯಾಳಾದನು.

ರಾಜ್ಯದ ಗುಟ್ಟುಗಳನ್ನೆಲ್ಲ ಬಲ್ಲವನು ಇಂತಹ ಸಂಚನ್ನು ಅರಿಯದೆ ಇರಲಾರನು, ಅರಿತೂ ಹೇಳಲಿಲ್ಲ, ಆದುದರಿಂದ ಅವನೂ ದ್ರೋಹಿಯೇ ಎಂಬ ತರ್ಕ ಮೇಲುನೋಟಕ್ಕೆ ಬಲವಾಗಿ ಕಾಣುತ್ತದೆ. ಆದರೆ ಒಂದು ಅಂಶವನ್ನು ಗಮನಿಸಬೇಕು. ಸಂಚಿನ ನಾಯಕರಲ್ಲೊಬ್ಬನಾದ ನರಸಿಂಗರಾಯನು ಪಟ್ಟಣದಲ್ಲಿ ಸಂಬಳದ ಬಟವಾಡೆ ಮುಂತಾದ ಅಧಿಕಾರಗಳೊಡನೆ ಅಂಚೆಯ ಅಧಿಕಾರವನ್ನೂ ಹೊಂದಿದ್ದನು. ಶ್ರೀರಂಗಪಟ್ಟಣದಿಂದ ಹೊರಡುವ ವರದಿಗಳು ಅವನ ಕೈ ದಾಟಿಯೇ ಮಂಗಳೂರಿಗೆ ಬರಬೇಕಾಗಿದ್ದಿತು. ಸಂಚುಗಾರನೇ ಸುದ್ದಿಗಾರನಾಗಿರುವಾಗ ದೂರದಲ್ಲಿರುವ ಮುಖ್ಯಸ್ಥನಿಗೆ ತಲುಪುವುದು ಮೌನವೇ. ಶಾಮಯ್ಯನು ಸಂಚಿನಲ್ಲಿ ಭಾಗಿಯಾಗಿದ್ದರೂ ಪಟ್ಟಣದಿಂದ ಸುದ್ದಿ ಬರುತ್ತಿರಲಿಲ್ಲ, ಭಾಗಿಯಾಗದಿದ್ದರೂ ಬರುತ್ತಿರಲಿಲ್ಲ. ಎರಡಕ್ಕೂ ಸಮನಾಗಿ ಹೊಂದುವ ಸಂಗತಿಯು ಒಂದಕ್ಕೆ ಸಾಕ್ಷ್ಯವಾಗಲಾರದು. ಅವನ ಕ್ರೌರ್ಯವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಕ್ರೂರಿಯೆಂಬುದು ಬೇರೆ, ದ್ರೋಹಿಯೆಂಬುದು ಬೇರೆ. ಗುಮಾನಿಯ ಮೇಲೆ ಜನರನ್ನು ಹಿಡಿಸಿದವನು ಅದೇ ತೂಕದ ಗುಮಾನಿಗೆ ಸಿಕ್ಕಿಬಿದ್ದನು.

ಈ ಗುಪ್ತಸಮರದ ಕಡೆಯ ಅಂಕವು ನಮ್ಮ ಕಣಿವೆಯಲ್ಲಿಯೇ ಮುಗಿಯಿತು. ಮೈಸೂರಿನೊಳಗಿನ ಸುದ್ದಿಗಳನ್ನು ಇಂಗ್ಲಿಷರಿಗೆ ಸಂಗ್ರಹಿಸಿಕೊಡುತ್ತಿದ್ದ ಅಲೆಕ್ಸಾಂಡರ್ ರೀಡನು ೧೭೯೯ರ ಏಪ್ರಿಲ್ ತಿಂಗಳಲ್ಲಿ ಕಾವೇರಿಪುರದ ದಾರಿಯನ್ನು ಹಿಡಿದು, ಶ್ರೀರಂಗಪಟ್ಟಣದ ಮುತ್ತಿಗೆಯ ಸೈನ್ಯಕ್ಕೆ ಧಾನ್ಯವನ್ನು ಸಾಗಿಸುವ ಏರ್ಪಾಡು ಮಾಡಿದನು. ಮೇ ೪ರಂದು ಪಟ್ಟಣವು ಬಿದ್ದಿತು. ಬಳಿಕ ಕೊಳ್ಳೇಗಾಲದ ಸೀಮೆ ಕಂಪೆನಿಯ ಕೊಯಮತ್ತೂರಿಗೆ ಸೇರಿತು; ಯಳಂದೂರು ಮೈಸೂರಿನಲ್ಲಿ ಉಳಿದು, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ೧೮೮೯ರಲ್ಲಿ ಮೈಸೂರಿನ ಅಂಚೆಯು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ನೆರೆಹೊರೆಯ ಈ ಊರುಗಳು ಮತ್ತೆ ಒಂದೇ ರಾಜ್ಯಕ್ಕೆ ಸೇರಿದುದು ೧೯೫೬ರ ನವೆಂಬರ್ ೧ರಂದು.

ರಾಜ್ಯದ ಕಣ್ಣಾಗಿದ್ದ ಅಂಚೆಯು ತನ್ನ ಒಡೆಯನು ನೋಡಬಯಸಿದ್ದನ್ನು ಕಂಡಿತು. ಅಂಚೆಯವನು ಮರೆಸಬಯಸಿದ್ದನ್ನು ಮರೆಸಿತು. ಆದುದರಿಂದ ಅದರ ಮಾತನ್ನು ಪರೀಕ್ಷಿಸದೆ ನಂಬುವುದು ಹೇಗೆ ತಪ್ಪೋ, ಅದರ ಮೌನವನ್ನು ಅಪರಾಧದ ಒಪ್ಪಿಗೆಯೆಂದು ಗ್ರಹಿಸುವುದೂ ಹಾಗೆಯೇ ತಪ್ಪು. ಇದು ಹಳೆಯ ಕಾಲದ ಅಧಿಕಾರಿಗಳಿಗೆ ಮಾತ್ರ ಅನ್ವಯಿಸುವ ಎಚ್ಚರಿಕೆಯಲ್ಲ. ಪಂಡಿತನ ಕೊಲೆಯನ್ನು ಜಂಗಮರ ಮೇಲೆ, ಜಂಗಮರ ಕೊಲೆಯನ್ನು ಜೈನರ ಮೇಲೆ, ಸಂಚನ್ನು ಬ್ರಾಹ್ಮಣರ ಮೇಲೆ ಒಟ್ಟಾಗಿ ಹೊರಿಸುವ ಚರಿತ್ರಕಾರನು ಶಾಮಯ್ಯನ ಕಚೇರಿಯ ಕೆಲಸವನ್ನೇ ಮುಂದುವರಿಸುತ್ತಾನೆ. ಕೊಂದವರು ಕೆಲವರು; ಅಪವಾದವನ್ನು ಹೊತ್ತವರು ಸಾವಿರಾರು ಮಂದಿ. ಷಡಕ್ಷರದೇವನನ್ನೂ ಹೊನ್ನಮ್ಮನನ್ನೂ ವಿಶಾಲಾಕ್ಷ ಪಂಡಿತನನ್ನೂ ಒಂದೇ ಶತಮಾನದಲ್ಲಿ ಕಂಡ ಯಳಂದೂರಿಗೆ ಸಲ್ಲಬೇಕಾದ ನ್ಯಾಯವೆಂದರೆ, ಸಾಕ್ಷ್ಯವು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ನಮ್ಮ ತೀರ್ಪೂ ನಿಲ್ಲಬೇಕೆಂಬುದು.