ಮಲ್ಪೆ

ಉಡುಪಿ ಜಿಲ್ಲೆಯ ಬಂದರು ಊರು. ಉಡುಪಿ ನಗರದಿಂದ ಪಶ್ಚಿಮಕ್ಕೆ ಸುಮಾರು 6 ಕಿ.ಮೀ. ದೂರದಲ್ಲಿ, ಉದ್ಯಾವರ ಹೊಳೆ ಅರಬ್ಬೀ ಸಮುದ್ರ ಸೇರುವ ಅಳಿವೆಯ ಬಳಿ ಇದೆ. ರಾಜ್ಯದ ಮೀನುಗಾರಿಕೆಯಲ್ಲಿ ಮಂಗಳೂರಿನ ಜೊತೆಗೇ ಹೇಳುವ ಹೆಸರು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಮಾರ್ಸಶ್ಲೊಕ್ ಎಂಬ ಮೀನುಗಾರರ ಊರಿದೆ. ಹಳದಿ, ನೀಲಿ, ಕೆಂಪು ಪಟ್ಟೆ ಬಳಿದು, ಮೂತಿಗೆ ಎರಡು ಕಣ್ಣು ಬರೆದ ದೋಣಿಗಳನ್ನು ನೋಡಲೆಂದೇ ಜನ ಅಲ್ಲಿಗೆ ಹೋಗುತ್ತಾರೆ. ಮಲ್ಪೆಯ ದಕ್ಕೆಯಲ್ಲಿ ಒಂದಕ್ಕೊಂದು ತಾಗಿ ನಿಂತ ಬೋಟುಗಳ ಬಣ್ಣವೂ ಅಷ್ಟೇ ಕಣ್ಣು ಸೆಳೆಯುತ್ತದೆ. ಆದರೆ ಇವು ಪ್ರವಾಸಿಗರಿಗಾಗಿ ನಿಂತವಲ್ಲ. ಡೀಸೆಲ್, ಐಸ್, ಅಕ್ಕಿ, ಕುಡಿಯುವ ನೀರು ತುಂಬಿಕೊಂಡು ಹತ್ತಾರು ದಿನಗಳ ದುಡಿಮೆಗೆ ಹೊರಡುವಂಥವು.

ಊರಿನ ಹಳೆಯ ನೆನಪು ವಡಭಾಂಡೇಶ್ವರದ ಬಲರಾಮನ ಗುಡಿಯದ್ದು. ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗೊಂದು ಇಲ್ಲಿ ಬಿರುಗಾಳಿಗೆ ಸಿಕ್ಕಿತು, ಮಧ್ವಾಚಾರ್ಯರು ಅದನ್ನು ದಡ ಸೇರಿಸಿದರು ಎಂಬುದು ಐತಿಹ್ಯ. ಪ್ರತಿಯಾಗಿ ಸಿಕ್ಕ ಗೋಪಿಚಂದನದ ಗಡ್ಡೆಯೊಳಗಿದ್ದ ಕೃಷ್ಣನ ವಿಗ್ರಹ ಉಡುಪಿಗೆ ಹೋಯಿತು, ಬಲರಾಮ ಕಡಲ ತಡಿಯಲ್ಲೇ ನೆಲೆಯಾದ. ಉಡುಪಿಯ ಕೃಷ್ಣನ ಕಥೆ ಶುರುವಾಗುವುದು ಮುಳುಗಲಿದ್ದ ಒಂದು ಹಡಗಿನಿಂದ ಎಂಬುದನ್ನು ಮಲ್ಪೆಯವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ನೂಲಹುಣ್ಣಿಮೆಗೆ ಮೀನುಗಾರರು ಇದೇ ಗುಡಿಯಲ್ಲಿ ಪೂಜೆ ಸಲ್ಲಿಸಿ, ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ.

ದಡದಿಂದಾಚೆ ಸೇಂಟ್ ಮೇರೀಸ್ ದ್ವೀಪಗಳಿವೆ. ಸ್ಥಳೀಯರ ಬಾಯಲ್ಲಿ ತೋನ್ಸೆಪಾರ್. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಇಲ್ಲಿ ಶಿಲಾಸ್ತಂಭ ನೆಟ್ಟು ಸಾಂತಾ ಮರಿಯಾ ಹೆಸರಿಟ್ಟ. ಆ ಕಂಬಕ್ಕಿಂತ ದ್ವೀಪದ ಸ್ವಂತ ಕಂಬಗಳೇ ದೊಡ್ಡ ಸಂಗತಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಆರುತ್ತ ಕುಗ್ಗಿ, ಐದು, ಆರು, ಏಳು ಮೂಲೆಯ ಕಂಬಗಳಾಗಿ ಸೀಳಿತು. ಗದಗ ಬಳಿಯ ಹೊಂಬಳದ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಎರೆ ಹೊಲ ಒಣಗಿ ಬಿರಿಯುವಾಗ ಮೂಡುವ ಚಿತ್ರವೇ ಇಲ್ಲಿ ಕಲ್ಲಿನಲ್ಲಿ ಎದ್ದು ನಿಂತಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಸಮೀಪದ ದರಿಯಾಬಹದ್ದೂರಗಡ ದ್ವೀಪದ ಕೋಟೆ ಬಿದನೂರಿನ ಬಸಪ್ಪ ನಾಯಕ ಕಟ್ಟಿಸಿದ್ದು. ಊರಿಗೆ ಕಾರ್ಖಾನೆಯೂ ಬಂತು: 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮುಂದೆ ಮಲ್ಪೆಯಲ್ಲೂ ಒಂದನ್ನು ತೆರೆಯಿತು.

ಊರಿನ ನಿಜವಾದ ಇತಿಹಾಸ ಮಾತ್ರ ಬಲೆಯಲ್ಲಿದೆ. ಇಲ್ಲಿನ ಮೀನುಗಾರ ಸಮುದಾಯವಾದ ಮೊಗವೀರರ ರಂಪಣಿ ಒಬ್ಬಿಬ್ಬರ ಬಲೆಯಲ್ಲ. ಹಲವು ಮನೆಗಳವರು ತಂದ ತುಂಡುಗಳನ್ನು ಜೋಡಿಸಿ ಮಾಡಿದ ಉದ್ದನೆಯ ಬಲೆ. ದೋಣಿಯಲ್ಲಿ ಅದನ್ನು ಒಯ್ದು ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ಮರಳ ಮೇಲೆ ನಿಂತು ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ ರಾಶಿಯಾಗಿ ಬಂದು ಬೀಳುತ್ತಿತ್ತು. ಬಲೆಗೆ ಪಾಲು ಹಾಕಿದವರಿಗೆಲ್ಲ ಮೀನಿನಲ್ಲೂ ಪಾಲು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದು, ಬಲೆಯ ತಳದ ಹಗ್ಗ ಬಿಗಿದು ಚೀಲದ ಬಾಯಿಯಂತೆ ಮುಚ್ಚುವ ವಿಧಾನ ಅದು. ದಡಕ್ಕೆ ಬರಬೇಕಾದ ಮೀನು ದಾರಿಯಲ್ಲೇ ತೀರಿತು. ರಂಪಣಿಯವರಿಗೂ ಪರ್ಸೀನಿನವರಿಗೂ ಜಗಳಗಳಾದವು, ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಇಳುವರಿ ಹೆಚ್ಚಿತು, ಬಂದರು ಬೆಳೆಯಿತು ನಿಜ. ಆದರೆ ಊರಿಗೆ ಊರೇ ಹಗ್ಗಕ್ಕೆ ಕೈಹಾಕುತ್ತಿದ್ದ ಆ ಕೂಡುದುಡಿಮೆ ಹೋದದ್ದು ಸಣ್ಣ ನಷ್ಟವಲ್ಲ. ಇಂದು ಕೆಲವೆಡೆ ಉಳಿದಿರುವ ಕೈರಂಪಣಿಯಲ್ಲಿ ಅದರ ಚಹರೆ ಕಾಣಬಹುದು.

ಮಲ್ಪೆಯನ್ನು ನೋಡಬೇಕಾದರೆ ನಸುಕಿನಲ್ಲಿ ದಕ್ಕೆಗೆ ಹೋಗಬೇಕು. ಬುಟ್ಟಿಯಿಂದ ಬುಟ್ಟಿಗೆ ಐಸಿನ ನೀರು ಸೋರುತ್ತಿರುತ್ತದೆ. ಅಂಜಲ್, ಮಾಂಜಿ, ಬೊಂಡಾಸ್, ಸಿಗಡಿ ಬೇರೆಬೇರೆ ಗುಡ್ಡೆಯಾಗುತ್ತವೆ. ಏಲಂ ಕೂಗುವವನ ಎದುರು ನಿಂತ ಮೀನುಗಾರ ಮಹಿಳೆಯರು ಕಿವಿರು ಎತ್ತಿ ಕೆಂಪು ನೋಡಿಯೇ ಬೆಲೆ ಹೇಳುತ್ತಾರೆ. ಒಂದು ಪಕ್ಕದಲ್ಲಿ ಕಾಲು ಚಾಚಿ ಕುಳಿತವರು ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರಿದ ಕಣ್ಣು ಹೆಣೆಯುತ್ತಿರುತ್ತಾರೆ.

ದಕ್ಕೆಯ ಈ ಬಣ್ಣಕ್ಕೆ ತೆತ್ತ ಬೆಲೆಯೂ ಇದೆ. 2018ರ ಡಿಸೆಂಬರ್ 13ರಂದು ಇಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಮುಂದಿನ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿತು. ಏಳು ಮನೆಗಳು ನಾಲ್ಕು ತಿಂಗಳಿಗೂ ಮೀರಿ ಕಾದಿದ್ದವು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಳೆಗಾಲದಲ್ಲಿ ದ್ವೀಪಕ್ಕೆ ಹೋಗುವ ದೋಣಿಗಳೂ ನಿಲ್ಲುತ್ತವೆ. ದಕ್ಕೆಯಲ್ಲಿ ಹೊರೆ ಇಳಿಸುವವರಲ್ಲಿ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯವರು ಬಹಳ. ಆ ಎರಡು ತಿಂಗಳಲ್ಲಿ ಅವರಲ್ಲಿ ಹಲವರು ಊರಿಗೆ ಮರಳುತ್ತಾರೆ; ಅಲ್ಲಿ ಅದು ಮುಂಗಾರು ಬಿತ್ತಿಗೆಯ ಕಾಲ.