ಪಿ.ಎಸ್.ಪಿ.ಯ ಶಾಶ್ವತ ಕಸ್ಟಮ್ ಫರ್ಮ್‌ವೇರ್

ಪ್ಲೇಸ್ಟೇಷನ್ ಪೋರ್ಟಬಲ್ ಅಥವಾ ಪಿ.ಎಸ್.ಪಿ. ಎಂಬುದು ಜಪಾನಿನ ಸೋನಿ ಸಂಸ್ಥೆಯು 2004ರ ಡಿಸೆಂಬರ್ 12ರಂದು ಸ್ವದೇಶದಲ್ಲಿ ಬಿಡುಗಡೆ ಮಾಡಿ, 2014ರಲ್ಲಿ ಪೂರೈಕೆಯನ್ನು ನಿಲ್ಲಿಸಿದ, ಕೈಯಲ್ಲಿ ಹಿಡಿದಾಡುವ ವಿಡಿಯೊ ಗೇಮ್ ಯಂತ್ರ. ಅದರ ಮೂಲ ಫರ್ಮ್‌ವೇರನ್ನು ಹವ್ಯಾಸಿಗಳು ತಿದ್ದಿ, ತಯಾರಕರ ಮುದ್ರೆಯಿಲ್ಲದ ಪ್ರೋಗ್ರಾಮುಗಳೂ ನಡೆಯುವಂತೆ ಮಾಡಿದುದೇ ಕಸ್ಟಮ್ ಫರ್ಮ್‌ವೇರ್. ಯಂತ್ರವನ್ನು ಆರಿಸಿದರೂ ಅಳಿಯದೆ ಉಳಿದರೆ ಮಾತ್ರ ಅದಕ್ಕೆ ಶಾಶ್ವತವೆಂಬ ವಿಶೇಷಣ ಸಲ್ಲುವುದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ವಾಚಕರಿಗೆ ಈ ಭೇದ ತಿಳಿಯಲು ಹಳ್ಳದ ಮೇಲಣ ಸಂಕವೇ ಸಾಕು: ಅಡಕೆಮರದ ಸಂಕವು ನೆರೆಗೆ ಕೊಚ್ಚಿಹೋದಾಗಲೆಲ್ಲ ಮತ್ತೆ ಹಾಕಬೇಕಾಗುವಂತೆ, ಹೆನ್ ಎಂಬ ತಾತ್ಕಾಲಿಕ ಉಪಾಯವನ್ನು ಯಂತ್ರವಾರಿದಾಗಲೆಲ್ಲ ಪುನಃ ಹೂಡಬೇಕಾಗಿದ್ದಿತು.

ಆದಿಯ 1.00 ಆವೃತ್ತಿಯಲ್ಲಿ ಮುದ್ರೆಯಿಲ್ಲದ ಪ್ರೋಗ್ರಾಮಿಗೆ ತಡೆಯೇ ಇರಲಿಲ್ಲ. ಬಳಿಕ ಬಂದ ಆವೃತ್ತಿಗಳು ಬಿರುಕುಗಳನ್ನು ಮುಚ್ಚುತ್ತ ಹೋದುದರಿಂದಲೂ, ಹೊಸ ಆಟಗಳು ಆ ಆವೃತ್ತಿಗಳನ್ನೇ ಬೇಡುತ್ತಿದ್ದುದರಿಂದಲೂ, ಹೊಸ ಆಟ ಬೇಕೆಂಬವನು ಸ್ವಾತಂತ್ರ್ಯವನ್ನೂ, ಸ್ವಾತಂತ್ರ್ಯ ಬೇಕೆಂಬವನು ಹೊಸ ಆಟವನ್ನೂ ತ್ಯಜಿಸಬೇಕಾಯಿತು. ಈ ಇಕ್ಕಟ್ಟನ್ನು ಬಿಡಿಸಿದವನು ಡಾರ್ಕ್ ಅಲೆಕ್ಸ್ ಎಂಬ ಗುಪ್ತನಾಮದ ಸ್ಪೇನಿನ ಪ್ರೋಗ್ರಾಮರ್. 2006ರ ಅಕ್ಟೋಬರಿನ ಆತನ 2.71 ಎಸ್‌ಇ ಎಂಬ ಕಸ್ಟಮ್ ಫರ್ಮ್‌ವೇರ್ ಎರಡನ್ನೂ ಒಂದೇ ಯಂತ್ರದಲ್ಲಿ ಕೂಡಿಸಿತು. ಮರುವರ್ಷ ಎಂ33 ಎಂಬ ಕಸ್ಟಮ್ ಫರ್ಮ್‌ವೇರ್ ಮಾಲೆ ಪ್ರಾರಂಭವಾಯಿತು.

ಆದರೆ ಫ್ಲ್ಯಾಶ್ ಸ್ಮೃತಿಯನ್ನು ತಿದ್ದಿ ಬರೆಯುತ್ತಿರುವಾಗ ವಿದ್ಯುತ್ತು ಕೈಕೊಟ್ಟರೆ ಯಂತ್ರವು ಇಟ್ಟಿಗೆಯಷ್ಟೇ ಜಡವಾಗುತ್ತಿತ್ತು. ಬಲ್ಲವರು ಅದನ್ನು ಬ್ರಿಕ್ ಆಯಿತೆನ್ನುವರು. ಲಿಂಗನಮಕ್ಕಿಯ ನೀರಿನಿಂದ ನಾಡಿಗೆ ಬೆಳಕಿತ್ತು, ಮಳೆಗಾಲದಲ್ಲಿ ತಾನೇ ಕತ್ತಲೆಯಲ್ಲಿ ಕೂರುವ ಸೀಮೆಯವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇದಕ್ಕೆ ಪರಿಹಾರವಾಗಿ 2007ರ ಆಗಸ್ಟಿನಲ್ಲಿ ಪಂಡೋರಾ ಬ್ಯಾಟರಿ ಪ್ರಕಟವಾಯಿತು. ಈ ಇತಿಹಾಸದಲ್ಲಿ ಇದಕ್ಕಿಂತ ಚಮತ್ಕಾರದ ಅಧ್ಯಾಯವಿಲ್ಲ. ಬ್ಯಾಟರಿಯ ಒಳಗಣ ಚಿಪ್ಪಿನಲ್ಲಿ ಬರೆದಿದ್ದ ಕ್ರಮಸಂಖ್ಯೆಯನ್ನು ಬದಲಿಸಿದೊಡನೆ, ಯಂತ್ರವು ತಾನು ತಯಾರಕರ ದುರಸ್ತಿಶಾಲೆಯಲ್ಲಿರುವೆನೆಂದು ಭ್ರಮಿಸಿ, ಸ್ವಂತ ಸ್ಮೃತಿಯನ್ನು ಬದಿಗಿಟ್ಟು, ಹೊರಗಣ ಮೆಮೊರಿ ಸ್ಟಿಕ್ಕಿನಿಂದಲೇ ಎಚ್ಚರಗೊಳ್ಳುತ್ತಿತ್ತು. ದುರಸ್ತಿಗಾರರಿಗಾಗಿ ತಯಾರಕರೇ ಇಟ್ಟ ಹಿತ್ತಿಲ ಬಾಗಿಲು ಹೀಗೆ ಎಲ್ಲರಿಗೂ ತೆರೆಯಿತು. ಬ್ರಿಕ್ ಆದ ಯಂತ್ರಗಳೂ ಮರುಜೀವ ಪಡೆದವು.

ಸೋನಿ ಸಂಸ್ಥೆಯು ಆ ಬಾಗಿಲನ್ನು ಮುಚ್ಚಿತು. ಪಿ.ಎಸ್.ಪಿ.-2000ರ ಕಡೆಯ ಮದರ್‌ಬೋರ್ಡುಗಳಲ್ಲಿಯೂ, 2008ರ ಪಿ.ಎಸ್.ಪಿ.-3000ದಲ್ಲಿಯೂ ಪಂಡೋರಾ ಫಲಿಸಲಿಲ್ಲ. 2009ರಲ್ಲಿ ಚಿತ್ರಕಡತದ ದೋಷವನ್ನು ಹಿಡಿದು ಬಂದ ಚಿಕ್‌ಹೆನ್ ತಾತ್ಕಾಲಿಕವೇ ಆಗಿದ್ದಿತು. ಪ್ಲೇಸ್ಟೇಷನ್ 3ರ ಭದ್ರತೆ ಭೇದಿಸಲ್ಪಟ್ಟ ತರುವಾಯ, 2011ರ ಆದಿಯಲ್ಲಿ ಪಿ.ಎಸ್.ಪಿ.ಯ ಮುದ್ರೆಯ ಕೀಲಿಗಳೂ ಬಯಲಾಗಿ, ಹವ್ಯಾಸಿಗಳ ಪ್ರೋಗ್ರಾಮಿಗೂ ಸೋನಿಯ ಮುದ್ರೆಯನ್ನೇ ಒತ್ತುವುದು ಸಾಧ್ಯವಾಯಿತು. ಪ್ರೊ ಎಂಬ ಕಸ್ಟಮ್ ಫರ್ಮ್‌ವೇರ್ ಮಾಲೆ ಆ ಕಾಲದ್ದು. ಕಡೆಯ ಅಧಿಕೃತ ಆವೃತ್ತಿ 2015ರ 6.61. ಅದರ ಮೇಲೆ ಡೇವೀ ಎಂಬಾತ ರಚಿಸಿದ ಇನ್ಫಿನಿಟಿಯಿಂದ, ಪಂಡೋರಾಕ್ಕೆ ಒಗ್ಗದ ಮಾದರಿಗಳಿಗೂ ಶಾಶ್ವತತೆ ಲಭಿಸಿತು. ಅಷ್ಟರಲ್ಲಿ ಯಂತ್ರದ ಉತ್ಪಾದನೆಯೇ ನಿಂತಿದ್ದಿತು.

ಕಳ್ಳಪ್ರತಿಗಳಿಗೆ ಈ ವಿದ್ಯೆ ನೆರವಾದುದು ನಿರ್ವಿವಾದ. ಭಾರತದಲ್ಲಿ 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯಿದೆಗೆ ಸೇರಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೋಪಾಯವನ್ನು ಭೇದಿಸುವವನಿಗೆ ಎರಡು ವರ್ಷಗಳವರೆಗಿನ ಕಾರಾಗೃಹವಾಸವನ್ನು ವಿಧಿಸುತ್ತದೆ. ಉದ್ದೇಶವೆಂಬ ಆ ಒಂದು ಶಬ್ದದ ಮೇಲೆ ಬಹಳಷ್ಟು ನಿಂತಿದೆ. ಭಾರತದ ಮಾತು ಬಂದುದರಿಂದ ಇದನ್ನೂ ಹೇಳಬೇಕು: ಯಂತ್ರದ ಭಾಷಾಪಟ್ಟಿಯಲ್ಲಿ ಕನ್ನಡವಿರಲಿ, ಭಾರತದ ಯಾವ ಭಾಷೆಯೂ ಇರಲಿಲ್ಲ. ಆದರೂ ಹೈದರಾಬಾದಿನಲ್ಲಿ ಸಿದ್ಧವಾದ 2009ರ ದೇಸಿ ಅಡ್ಡಾ ಎಂಬ ಆಟದಲ್ಲಿ ನಮ್ಮ ಕಬಡ್ಡಿಯೂ ಚಿನ್ನಿದಾಂಡೂ ಪಿ.ಎಸ್.ಪಿ.ಯ ಪರದೆಯನ್ನೇರಿದ್ದುಂಟು.